ಪರರ ಮನೆಯಲ್ಲಿ ಬೆಳೆಯುವ ಮಕ್ಕಳೂ ಕೈಯೊಳಗಿನ ಆರೋಗ್ಯಪಾಠವೂ

ಮಕ್ಕಳ ಕೈಗೆ ಮೊಬೈಲನ್ನು ಯಾವ ವಯಸ್ಸಿನಲ್ಲಿ ಕೊಡಬೇಕು, ಕೊಟ್ಟ ಮೇಲೆ ಎಷ್ಟು ಹೊತ್ತು ಬಿಡಬೇಕು ಎಂಬ ಪ್ರಶ್ನೆಯು ಇಂದು ನಾಲ್ಕು ಜನ ಗೃಹಸ್ಥರು ಸೇರಿದೆಡೆಯಲ್ಲೆಲ್ಲಾ ಚರ್ಚೆಗೆ ಬರುವುದುಂಟು. ನಮ್ಮ ವಾಚಕರಿಗೂ ಅದು ಹೊಸತಲ್ಲ. ಆದರೆ ಈ ಚರ್ಚೆಯನ್ನು ಮಾಡುವವರು ಬಹುಮಟ್ಟಿಗೆ ತಮ್ಮ ಸ್ವಂತ ಮಕ್ಕಳನ್ನು, ಎಂದರೆ ತಾಯಿತಂದೆಗಳ ಕಣ್ಣೆದುರಿಗೆ ಒಂದೇ ಸೂರಿನ ಕೆಳಗೆ ಬೆಳೆಯುವ ಮಕ್ಕಳನ್ನು, ಮನಸ್ಸಿನಲ್ಲಿಟ್ಟುಕೊಂಡೇ ಮಾತನಾಡುವರು. ಹಾಗಲ್ಲದೆ ಪರರ ಮನೆಯಲ್ಲಿ ಬೆಳೆಯುವ ಮಕ್ಕಳೂ ಲೋಕದಲ್ಲಿ ಬಹುಮಂದಿ ಇದ್ದಾರೆ. ಅವರ ಕೈಯಲ್ಲಿರುವ ಮೊಬೈಲಿನ ಅರ್ಥವೇ ಬೇರೆ. ಅಂಥವರಿಗೆ ದೇಹಾರೋಗ್ಯವನ್ನೂ, ಮನಸ್ಸಿನ ಸ್ವಾಸ್ಥ್ಯವನ್ನೂ, ಸ್ನೇಹಪ್ರೇಮಗಳಲ್ಲಿ ನಡೆದುಕೊಳ್ಳಬೇಕಾದ ರೀತಿಯನ್ನೂ ಆ ಮೊಬೈಲಿನ ಮೂಲಕವೇ ತಿಳಿಯಪಡಿಸುವ ಪ್ರಯತ್ನವು ಕೆಲವು ವರ್ಷಗಳಿಂದ, ಮುಖ್ಯವಾಗಿ ಅಮೆರಿಕ ದೇಶದಲ್ಲಿ, ನಡೆದಿದೆ. ಈ ತಿಂಗಳು ಅದನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಪರರ ಮನೆಯ ಅನ್ನವೆಂದರೇನೆಂಬುದನ್ನು ಕನ್ನಡಿಗರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಮೈಸೂರು, ಬೆಂಗಳೂರು, ಧಾರವಾಡಗಳಂಥ ಊರುಗಳಲ್ಲಿ ವಾರಾನ್ನ ಮಾಡಿಕೊಂಡು ಓದಿದ ಹುಡುಗರ ಮಕ್ಕಳು ಮೊಮ್ಮಕ್ಕಳು ನಮ್ಮ ವಾಚಕರಲ್ಲಿಯೇ ಅನೇಕರಿರಬಹುದು. ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆ. ಏಳು ಮನೆಗಳಲ್ಲಿ ಎಲೆ ಹಾಕಿದರೂ ಒಂದು ಮನೆಯಲ್ಲಿಯೂ ತಲೆನೋಯುತ್ತದೆಂದು ಹೇಳಿಕೊಳ್ಳುವಷ್ಟು ಸಲಿಗೆಯಿಲ್ಲ. ಊಟವು ಸಿಕ್ಕಿತು, ವಿದ್ಯೆಯೂ ಬಂದಿತು. ಆದರೆ ಮೀಸೆ ಮೂಡುವ ವಯಸ್ಸಿನಲ್ಲಿ ಮೈಯಲ್ಲಿಯೂ ಮನಸ್ಸಿನಲ್ಲಿಯೂ ಆಗುವ ಮಾರ್ಪಾಡುಗಳೇನೆಂಬುದನ್ನು ಆ ಹುಡುಗನಿಗೆ ಹೇಳಿದವರು ಯಾರು? ಓರಗೆಯ ಹುಡುಗರು, ಅವರಿಗೆ ತಿಳಿದಿದ್ದುದು ಅಷ್ಟಕ್ಕಷ್ಟೆ. ತಾಯಿ ತೀರಿಕೊಂಡಳೆಂದು ಚಿಕ್ಕಮ್ಮನ ಮನೆಯಲ್ಲಿಯೋ ಸೋದರಮಾವನ ಮನೆಯಲ್ಲಿಯೋ ಬೆಳೆದ ಹೆಣ್ಣುಮಕ್ಕಳ ಪಾಡೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಮನೆಯವರು ಎಷ್ಟೇ ಒಳ್ಳೆಯವರಾಗಿರಲಿ, ಕೇಳುವುದಕ್ಕೆ ಈ ಕಡೆ ನಾಚಿಕೆ, ಹೇಳುವುದಕ್ಕೆ ಆ ಕಡೆ ಸಂಕೋಚ.

ಅಮೆರಿಕದಲ್ಲಿ ಈ ವಿಷಯವು ಬಂಧುಗಳ ದಾಕ್ಷಿಣ್ಯಕ್ಕೆ ಬಿಟ್ಟ ಸಂಗತಿಯಾಗಿ ಉಳಿಯದೆ ಕಾನೂನಿನ ಕೈಗೆ ಬಂದಿದೆ. ಅಲ್ಲಿ ಅದನ್ನು ಫಾಸ್ಟರ್ ಕೇರ್ ಎನ್ನುತ್ತಾರೆ. ನಮ್ಮಲ್ಲಿ ಪೋಷಕತ್ವವೆಂಬ ಮಾತು ಬಳಕೆಯಲ್ಲಿದೆ. ದತ್ತಕಕ್ಕೂ ಇದಕ್ಕೂ ಇರುವ ಭೇದವನ್ನು ಮೊದಲೇ ಗಮನಿಸತಕ್ಕದ್ದು. ದತ್ತುಮಗುವು ಆ ಮನೆಯದೇ ಆಗಿಬಿಡುತ್ತದೆ; ಪೋಷಕ ಮನೆಗೆ ಬಂದ ಮಗುವಾದರೋ ಸ್ವಲ್ಪ ಕಾಲಕ್ಕೆಂದು ಬಂದದ್ದು. ಹೆತ್ತವರ ಸ್ಥಿತಿ ಸುಧಾರಿಸಿದರೆ ಅದು ಹಿಂದಕ್ಕೆ ಹೋಗುವುದು. ಇಲ್ಲವೆ ಇನ್ನೊಂದು ಮನೆಗೆ ಹೋಗುವುದು. ಅದೂ ಇಲ್ಲವಾದರೆ ವಯಸ್ಸು ತುಂಬಿ ಹೊರಬೀಳುವುದು. ೧೮೫೩ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಚಾರ್ಲ್ಸ್ ಲೋರಿಂಗ್ ಬ್ರೇಸ್ ಎಂಬ ಪಾದ್ರಿಯು ಇತರರೊಡನೆ ಸೇರಿ ಚಿಲ್ಡ್ರನ್ಸ್ ಏಡ್ ಸೊಸೈಟಿಯನ್ನು ಸ್ಥಾಪಿಸಿ, ಮರುವರ್ಷದಿಂದ ದಿಕ್ಕಿಲ್ಲದ ಮಕ್ಕಳನ್ನು ರೈಲು ಹತ್ತಿಸಿ ಪಶ್ಚಿಮದ ರೈತರ ಮನೆಗಳಿಗೆ ಕಳುಹಿಸತೊಡಗಿದನು. ೧೯೨೯ರವರೆಗೆ ನಡೆದ ಈ ಏರ್ಪಾಟಿನಲ್ಲಿ ಸುಮಾರು ಎರಡು ಲಕ್ಷ ಮಕ್ಕಳು ಹೀಗೆ ಸಾಗಿಹೋದರೆಂದು ಅಂದಾಜು. ಕೆಲವರಿಗೆ ಮನೆ ದೊರೆಯಿತು. ಕೆಲವರು ಸಂಬಳವಿಲ್ಲದ ಆಳುಗಳಾದರು. ಆಮೇಲೆ ಕಾನೂನುಗಳು ಬಂದವು, ನ್ಯಾಯಾಲಯಗಳು ಬಂದವು, ಮಗುವಿನ ಮೇಲ್ವಿಚಾರಣೆಗೆಂದೇ ಸಂಬಳ ಪಡೆಯುವ ಸಮಾಜ ಕಾರ್ಯಕರ್ತರು ಬಂದರು. ೨೦೨೨ರ ಸೆಪ್ಟೆಂಬರ್ ಕೊನೆಯಲ್ಲಿ ಲೆಕ್ಕ ತೆಗೆದಾಗ ಆ ದೇಶದಲ್ಲಿ ಇಂಥ ಮಕ್ಕಳು ಸುಮಾರು ೩,೬೮,೦೦೦ ಮಂದಿ ಇದ್ದರು. ತಂದೆತಾಯಿಗಳ ಅಲಕ್ಷ್ಯ, ಹೊಡೆತಬಡಿತ, ಮಾದಕದ್ರವ್ಯದ ಚಟ, ಸೆರೆವಾಸ, ಇವೇ ಸಾಮಾನ್ಯವಾದ ಕಾರಣಗಳು.

ಇನ್ನು ಈ ಮಕ್ಕಳಿಗೆ ತಪ್ಪಿಹೋಗುವುದೇನೆಂಬುದನ್ನು ನೋಡೋಣ. ಅನ್ನವಲ್ಲ, ಬಟ್ಟೆಯಲ್ಲ, ಔಷಧವೂ ಅಲ್ಲ; ಅವುಗಳಿಗೆಲ್ಲಾ ಸರ್ಕಾರವು ಹಣ ಕೊಡುತ್ತದೆ. ತಪ್ಪಿಹೋಗುವುದು ಮಾತಿನ ಸಾತತ್ಯ. ತನ್ನ ಮನೆಯಲ್ಲಿ ಬೆಳೆಯುವ ಹುಡುಗಿಯು ಮುಟ್ಟಿನ ವಿಷಯವನ್ನು ಒಂದು ದಿನ ಕುಳಿತು ಉಪನ್ಯಾಸ ಕೇಳಿ ಕಲಿಯುವುದಿಲ್ಲ. ಹತ್ತನೆಯ ವಯಸ್ಸಿನಲ್ಲಿ ತಾಯಿ ಒಂದು ಮಾತು ಹೇಳುತ್ತಾಳೆ. ಹನ್ನೆರಡರಲ್ಲಿ ಅಕ್ಕ ಇನ್ನೊಂದನ್ನು ಹೇಳುತ್ತಾಳೆ. ಪಕ್ಕದ ಮನೆಯ ಮದುವೆ ಮುರಿದುಬಿದ್ದಾಗ ಅಜ್ಜಿ ಗೊಣಗಿದ ಮಾತು ಕಿವಿಗೆ ಬಿದ್ದು ಎಲ್ಲಿಯೋ ಉಳಿಯುತ್ತದೆ. ತಂದೆಯು ತಾಯಿಯೊಡನೆ ಜಗಳವಾಡಿ ಮರುದಿನ ಕಾಫಿ ಲೋಟ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತುದನ್ನು ನೋಡಿದ ಹುಡುಗನು, ಕೋಪವು ಬಂದರೂ ಸಂಬಂಧವು ಉಳಿಯಬಲ್ಲುದೆಂಬುದನ್ನು ಯಾರೂ ಹೇಳಿಕೊಡದೆಯೇ ತಿಳಿಯುತ್ತಾನೆ. ಈ ಪಾಠವು ಚೂರುಚೂರಾಗಿ ಹತ್ತು ವರ್ಷಗಳ ಕಾಲ ನಡೆಯುವಂಥದು. ಹೇಳುವವರೂ ನೋಡುವವರೂ ಅವರೇ ಆಗಿದ್ದರೆ ಮಾತ್ರ ಚೂರುಗಳು ಕೂಡಿಕೊಳ್ಳುವುವು. ಮಗುವಿನ ಮನಸ್ಸಿಗೆ ಸ್ಥಿರವಾದ ಒಬ್ಬ ಪಾಲಕರ ಆವಶ್ಯಕತೆಯು ಎಷ್ಟೆಂಬುದನ್ನು ಜಾನ್ ಬೌಲ್ಬಿ ಎಂಬ ಬ್ರಿಟಿಷ್ ವೈದ್ಯನು ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದು ೧೯೫೧ರಲ್ಲಿ ಪ್ರಕಟವಾದ ವರದಿಯಲ್ಲಿಯೇ ಒತ್ತಿಹೇಳಿದ್ದಾನೆ.

ಮನೆಯಿಂದ ಮನೆಗೆ ಸಾಗುವ ಮಗುವಿಗೆ ಈ ಪಾಠವು ಪ್ರತಿಬಾರಿಯೂ ಮೊದಲ ಪುಟದಲ್ಲಿಯೇ ನಿಂತುಹೋಗುತ್ತದೆ. ಶಾಲೆಯಲ್ಲಿ ಆರೋಗ್ಯಪಾಠವಿದ್ದೀತು, ಆದರೆ ಆ ವಾರದಲ್ಲಿಯೇ ಮಗುವು ಬೇರೆ ಊರಿನ ಶಾಲೆಗೆ ವರ್ಗವಾಗಿರುತ್ತದೆ, ಅಲ್ಲಿ ಆ ಪಾಠವು ಆಗಲೇ ಮುಗಿದಿರುತ್ತದೆ. ಪೋಷಕ ತಾಯಿಯು, ಇದನ್ನೆಲ್ಲಾ ಸಮಾಜ ಕಾರ್ಯಕರ್ತೆಯು ಹೇಳಿರಬೇಕೆಂದು ಸುಮ್ಮನಾಗುವಳು. ಕಾರ್ಯಕರ್ತೆಯು ಶಾಲೆಯವರು ಹೇಳಿರಬೇಕೆಂದುಕೊಳ್ಳುವಳು. ಶಾಲೆಯವರು ಇದು ಮನೆಯವರ ಕೆಲಸವೆನ್ನುವರು. ಇಷ್ಟು ಜನ ಹಿರಿಯರ ನಡುವೆ ಮಗುವಿಗೆ ಯಾರೂ ಹೇಳಿರುವುದಿಲ್ಲ.

ಇದರ ಫಲವನ್ನು ಅಂಕಿಗಳಲ್ಲಿ ನೋಡಬಹುದು. ಇಲಿನಾಯ್, ಅಯೋವಾ, ವಿಸ್ಕಾನ್ಸಿನ್ ಎಂಬ ಮೂರು ಸಂಸ್ಥಾನಗಳಲ್ಲಿ ಪೋಷಕತ್ವದಲ್ಲಿ ಬೆಳೆದು ಹೊರಬಂದ ಏಳುನೂರಕ್ಕೆ ಮೇಲ್ಪಟ್ಟ ತರುಣ ತರುಣಿಯರನ್ನು ಷಿಕಾಗೋ ವಿಶ್ವವಿದ್ಯಾನಿಲಯದ ವಿದ್ವಾಂಸರು ೨೦೦೨ರಿಂದ ಹಲವು ವರ್ಷಗಳ ಕಾಲ ಬಿಡದೆ ವಿಚಾರಿಸುತ್ತ ಬಂದರು. ಹತ್ತೊಂಬತ್ತನೆಯ ವಯಸ್ಸಿನ ವೇಳೆಗೆ ಆ ಹುಡುಗಿಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಒಂದು ಬಾರಿಯಾದರೂ ಗರ್ಭವತಿಯರಾಗಿದ್ದರು. ಅದೇ ವಯಸ್ಸಿನ ಇತರ ಹುಡುಗಿಯರಲ್ಲಿ ಈ ಪ್ರಮಾಣವು ಐದರಲ್ಲಿ ಒಂದರಷ್ಟು. ಇದನ್ನು ಓದಿದೊಡನೆ ಮೂಗುಮುರಿಯುವವರೂ ಇರುವರು. ಅಂಥವರಿಗೆ ನಾವು ಹೇಳುವುದಿಷ್ಟೆ: ತನ್ನದೆಂದು ಹೇಳಿಕೊಳ್ಳಲು ಒಂದು ಕೋಣೆಯೂ ಇಲ್ಲದೆ ಬೆಳೆದ ಹುಡುಗಿಗೆ, ನಿನ್ನನ್ನು ಬಿಟ್ಟು ಹೋಗುವುದಿಲ್ಲವೆಂದು ಒಬ್ಬನು ಹೇಳಿದರೆ, ಆ ಮಾತಿನ ತೂಕವು ನಮ್ಮ ಮನೆಯ ಹುಡುಗಿಗೆ ತೋರುವುದಕ್ಕಿಂತ ನೂರು ಪಾಲು ಹೆಚ್ಚಾಗಿ ತೋರುವುದು ಸಹಜ. ಆ ಮಾತನ್ನು ಒರೆಗೆ ಹಚ್ಚಿ ನೋಡುವ ಬಗೆಯನ್ನು ಅವಳಿಗೆ ಯಾರೂ ಕಲಿಸಿರುವುದಿಲ್ಲ.

ಕಲಿಸಿದರೆ ಪ್ರಯೋಜನವುಂಟೆ? ಉಂಟೆಂಬುದಕ್ಕೆ ಆಧಾರವಿದೆ. ಪವರ್ ಥ್ರೂ ಚಾಯ್ಸಸ್ ಎಂಬ ಹೆಸರಿನ ಹತ್ತು ಪಾಠಗಳ ಒಂದು ಕ್ರಮವನ್ನು ಇಂಥ ಮಕ್ಕಳಿಗೆಂದೇ ರಚಿಸಿದ್ದಾರೆ. ಪ್ರಜನನದ ತಿಳಿವಳಿಕೆ, ಗರ್ಭನಿರೋಧದ ವಿಧಾನಗಳು, ಗುಹ್ಯರೋಗಗಳಿಂದ ರಕ್ಷಣೆ, ಒಲ್ಲೆನೆಂದು ಹೇಳುವ ಬಗೆ, ಸಹಾಯವನ್ನು ಎಲ್ಲಿ ಕೇಳಬೇಕೆಂಬುದು, ಇವು ಅದರ ವಿಷಯಗಳು. ಕ್ಯಾಲಿಫೋರ್ನಿಯಾ, ಮೇರಿಲೆಂಡ್, ಒಕ್ಲಹೋಮ ಸಂಸ್ಥಾನಗಳಲ್ಲಿ ಹಲವು ಮಕ್ಕಳು ಒಟ್ಟಿಗಿರುವ ವಸತಿಗೃಹಗಳನ್ನು ಆರಿಸಿ, ಕೆಲವು ಗೃಹಗಳಲ್ಲಿ ಈ ಪಾಠವನ್ನು ನಡೆಸಿ ಕೆಲವದರಲ್ಲಿ ನಡೆಸದೆ, ಎರಡನ್ನೂ ಹೋಲಿಸಿ ನೋಡಿದರು. ಒಂದು ವರ್ಷದ ತರುವಾಯ, ಪಾಠವನ್ನು ಕೇಳಿದವರಲ್ಲಿ ಅಕಾಲ ಗರ್ಭದ ಪ್ರಸಂಗಗಳು ಕೇಳದವರಲ್ಲಿಗಿಂತ ಕಡಮೆಯಾಗಿದ್ದುವು. ಆದರೆ ಹತ್ತು ಪಾಠಗಳು ಮುಗಿಯಬೇಕಾದರೆ ಮಗುವು ಅಷ್ಟು ವಾರ ಒಂದೆಡೆ ನಿಲ್ಲಬೇಕಷ್ಟೆ. ತೊಡಕು ಇರುವುದೂ ಅಲ್ಲಿಯೇ.

ಕ್ಯಾಲಿಫೋರ್ನಿಯಾದ ಶಾಸನಸಭೆಯು ೨೦೧೭ರಲ್ಲಿ ಒಂದು ಕಾನೂನನ್ನು ಮಾಡಿ, ಪೋಷಕತ್ವದಲ್ಲಿರುವ ಮಗುವು ಮಾಧ್ಯಮಿಕ ಹಂತದಲ್ಲಿ ಒಂದು ಸಲ, ಪ್ರೌಢಶಾಲೆಯಲ್ಲಿ ಒಂದು ಸಲ ಈ ಶಿಕ್ಷಣವನ್ನು ಪಡೆಯಿತೆ ಎಂಬುದನ್ನು ಸಮಾಜ ಕಾರ್ಯಕರ್ತರು ವಿಚಾರಿಸಿ ದಾಖಲೆ ಮಾಡತಕ್ಕದ್ದೆಂದು ವಿಧಿಸಿತು. ಪಡೆಯದಿದ್ದರೆ ಬೇರೆ ವ್ಯವಸ್ಥೆ ಮಾಡಬೇಕು. ಮೂವರೂ ಒಬ್ಬರ ಮೇಲೊಬ್ಬರು ಹಾಕಿಕೊಳ್ಳುತ್ತಿದ್ದ ಹೊಣೆಗೆ ಈ ಮೂಲಕ ಒಬ್ಬ ವಾರಸುದಾರನು ದೊರೆತಂತಾಯಿತು.

ಮೊಬೈಲಿನ ಪ್ರವೇಶವಾಗುವುದು ಈ ಸ್ಥಳದಲ್ಲಿ. ಶಾಲೆ ಬದಲಾಗುವುದು, ಮನೆ ಬದಲಾಗುವುದು, ವೈದ್ಯರು ಬದಲಾಗುವರು. ಮಗುವಿನೊಡನೆ ಸಾಗುವುದು ಬಟ್ಟೆಯ ಚೀಲ, ಅದರೊಡನೆ ಮೊಬೈಲು. ಆದಕಾರಣ ಪಾಠವನ್ನು ಅದರೊಳಗೇ ಇಟ್ಟರೆ ಮಗುವು ಹೋದೆಡೆಗೆ ಪಾಠವೂ ಹೋಗುವುದೆಂದು ಯೋಚಿಸಿದರು. ೨೦೧೯ರಿಂದ ಕ್ಯಾಲಿಫೋರ್ನಿಯಾದಲ್ಲಿ ಐಫಾಸ್ಟರ್ ಎಂಬ ಸಂಸ್ಥೆಯ ಮೂಲಕ, ಸಾರ್ವಜನಿಕ ನಿಧಿಯ ನೆರವಿನಿಂದ, ಇಂಥ ಹದಿಹರೆಯದವರಿಗೂ ತರುಣರಿಗೂ ಮೊಬೈಲನ್ನೂ ಅದರ ಸಂಪರ್ಕವನ್ನೂ ಉಚಿತವಾಗಿ ಒದಗಿಸುವ ಏರ್ಪಾಟು ನಡೆಯಿತು. ಊಟಕ್ಕೂ ಬಟ್ಟೆಗೂ ಕೊಡುವಂತೆ ಮೊಬೈಲಿಗೂ ಸಾರ್ವಜನಿಕ ಹಣ ಕೊಡುವುದೆ ಎಂದು ಹುಬ್ಬೇರಿಸುವವರು, ಕೆಲಸಕ್ಕೆ ಅರ್ಜಿ ಹಾಕಲು, ವೈದ್ಯರ ಭೇಟಿಗೆ ಸಮಯ ಗೊತ್ತುಪಡಿಸಲು, ತಮ್ಮನು ಬೇರೆ ಮನೆಯಲ್ಲಿದ್ದರೆ ಅವನೊಡನೆ ಮಾತನಾಡಲು ಈ ಮಕ್ಕಳಿಗೆ ಅದಲ್ಲದೆ ಬೇರೆ ಸಾಧನವಿಲ್ಲವೆಂಬುದನ್ನು ನೆನೆಯಬೇಕು.

ಇಂಥ ಪಾಠಗಳ ಸ್ವರೂಪವನ್ನು ಹೇಳುತ್ತೇವೆ. ದೀರ್ಘವಾದ ಉಪನ್ಯಾಸವು ಇಲ್ಲಿ ಸಲ್ಲದು. ಮೂರು ನಾಲ್ಕು ಸಾಲಿನ ಸಂದೇಶ, ಎರಡು ನಿಮಿಷದ ವಿಡಿಯೋ, ಹೆಸರು ಹೇಳದೆ ಕೇಳಬಹುದಾದ ಪ್ರಶ್ನೆ, ಹತ್ತಿರದ ಚಿಕಿತ್ಸಾಲಯದ ವಿಳಾಸ, ಔಷಧ ತೆಗೆದುಕೊಳ್ಳುವ ಹೊತ್ತಿನ ಜ್ಞಾಪನೆ, ಎದೆ ಡವಗುಟ್ಟಿದಾಗ ಉಸಿರನ್ನು ನಿಧಾನವಾಗಿ ಎಳೆದು ಬಿಡುವ ಕ್ರಮ, ಹೀಗೆ. ಇವುಗಳಲ್ಲಿ ಹೆಸರು ಹೇಳದೆ ಕೇಳುವ ಅನುಕೂಲವೇ ಮುಖ್ಯವಾದದ್ದೆಂದು ನಮಗೆ ತೋರುತ್ತದೆ. ಪೋಷಕತ್ವದಲ್ಲಿರುವ ಮಗುವು ಯಾರೊಡನೆ ಏನು ಹೇಳಿದರೂ ಅದು ಒಂದು ಕಡತವನ್ನು ಸೇರುತ್ತದೆ. ಆ ಕಡತವು ನ್ಯಾಯಾಧೀಶರವರೆಗೂ ಹೋಗುತ್ತದೆ. ನನಗೆ ಮುಟ್ಟು ತಡವಾಗಿದೆ ಎಂಬೊಂದು ಮಾತನ್ನು ಹೇಳಿದರೆ ಮನೆಯೇ ಬದಲಾದೀತೆಂಬ ಅಂಜಿಕೆಯಿರುವ ಹುಡುಗಿಯು ಬಾಯಿ ಬಿಡುವುದೆಂತು?

ಸಂಬಂಧಗಳ ವಿಷಯದ ಪಾಠವು ಉಳಿದವಕ್ಕಿಂತ ಕಷ್ಟವಾದುದು. ರೋಗದ ಲಕ್ಷಣವನ್ನು ಹೇಳಿದಂತೆ ಪ್ರೀತಿಯ ಲಕ್ಷಣವನ್ನು ಹೇಳಲಾಗುವುದಿಲ್ಲ. ಕೆಟ್ಟ ಪಾಠವು, ದುಷ್ಟರ ಸಹವಾಸ ಮಾಡಬೇಡವೆನ್ನುವುದು. ಅದರಿಂದ ಯಾವ ಮಗುವಿಗೂ ಉಪಯೋಗವಿಲ್ಲ, ದುಷ್ಟನು ತಾನು ದುಷ್ಟನೆಂದು ಹಣೆಗೆ ಬರೆದುಕೊಂಡು ಬರುವುದಿಲ್ಲವಷ್ಟೆ. ಒಳ್ಳೆಯ ಪಾಠವು ಪ್ರಶ್ನೆಗಳನ್ನು ಕೇಳುವುದು. ನಿನ್ನ ಗೆಳೆಯನು ನಿನ್ನ ಮೊಬೈಲಿನ ಪಾಸ್‌ವರ್ಡನ್ನು ಕೇಳುತ್ತಾನೆಯೆ? ನೀನು ಎಲ್ಲಿರುವೆಯೆಂದು ಗಂಟೆಗೊಮ್ಮೆ ವಿಚಾರಿಸಿ, ಉತ್ತರ ತಡವಾದರೆ ಸಿಟ್ಟಾಗುತ್ತಾನೆಯೆ? ಅವನ ಪರಿಚಯವಾದ ಮೇಲೆ ನಿನ್ನ ಹಳೆಯ ಗೆಳತಿಯರು ಕಡಮೆಯಾಗಿದ್ದಾರೆಯೆ? ನೀನು ಒಲ್ಲೆನೆಂದಾಗ ಅವನು ಮಾತು ಬಿಟ್ಟು ನಿನ್ನನ್ನು ಶಿಕ್ಷಿಸುತ್ತಾನೆಯೆ? ನಿನ್ನ ಚಿತ್ರವನ್ನು ಕಳುಹಿಸೆಂದು ಮತ್ತೆ ಮತ್ತೆ ಪೀಡಿಸಿ, ಅದನ್ನು ಪ್ರೀತಿಯ ಪರೀಕ್ಷೆಯೆನ್ನುತ್ತಾನೆಯೆ? ಹುಡುಗರಿಗೂ ಇವೇ ಪ್ರಶ್ನೆಗಳನ್ನು ತಿರುಗಿಸಿ ಕೇಳಬೇಕು: ನೀನು ಹೀಗೆ ಮಾಡುತ್ತಿದ್ದೀಯೆ? ಹೊಡೆತಬಡಿತಗಳ ಮನೆಯಿಂದ ಬಂದ ಮಗುವಿಗೆ ಈ ನಡತೆಗಳಲ್ಲಿ ವಿಶೇಷವೇನೂ ಕಾಣುವುದಿಲ್ಲ. ಅದು ಕಂಡದ್ದೇ ಹಾಗೆ. ಆದುದರಿಂದ ಇದು ಹಾಗಿರಬೇಕಾದುದಿಲ್ಲ ಎಂಬ ಒಂದು ವಾಕ್ಯವೇ ಅದಕ್ಕೆ ಹೊಸ ಸಮಾಚಾರವಾಗಬಹುದು.

ಇಷ್ಟೆಲ್ಲವನ್ನು ಓದಿ, ಹಾಗಾದರೆ ಸಂದೇಶಗಳನ್ನು ಕಳುಹಿಸಿಬಿಟ್ಟರೆ ಕೆಲಸ ಮುಗಿಯಿತೆಂದು ಯಾರೂ ತಿಳಿಯಬಾರದು. ಬ್ರಿಟನ್ನಿನಲ್ಲಿ ಸೇಫ್‌ಟೆಕ್ಸ್ಟ್ ಎಂಬ ದೊಡ್ಡದೊಂದು ಪರೀಕ್ಷೆ ನಡೆಯಿತು. ಗುಹ್ಯಸೋಂಕು ತಗುಲಿ ಚಿಕಿತ್ಸೆಗೆ ಬಂದ ೧೬ರಿಂದ ೨೪ ವರ್ಷದ ಆರು ಸಾವಿರಕ್ಕೂ ಹೆಚ್ಚು ತರುಣರಲ್ಲಿ ಅರ್ಧ ಮಂದಿಗೆ ಒಂದು ವರ್ಷದ ಕಾಲ ಚೆನ್ನಾಗಿ ಯೋಚಿಸಿ ಬರೆದ ಸಂದೇಶಗಳನ್ನು ಕಳುಹಿಸಿದರು. ೨೦೨೨ರಲ್ಲಿ ಫಲಿತಾಂಶವು ಪ್ರಕಟವಾಯಿತು. ಕಾಂಡೋಮಿನ ಬಳಕೆಯು ಕೊಂಚ ಹೆಚ್ಚಿತ್ತು. ಆದರೆ ಸೋಂಕು ಮರುಕಳಿಸುವುದು ಕಡಮೆಯಾಗಲಿಲ್ಲ, ಸಂದೇಶ ಪಡೆದವರಲ್ಲಿ ಸ್ವಲ್ಪ ಹೆಚ್ಚಾಗಿಯೇ ಕಂಡಿತು. ಈ ತರುಣರು ಪೋಷಕತ್ವದವರೆಂದಲ್ಲ. ಆದರೂ ಪಾಠವು ಅನ್ವಯಿಸುತ್ತದೆ. ಹಿಂದೆ ಹೇಳಿದ ಹತ್ತು ಪಾಠಗಳ ಕ್ರಮದಲ್ಲಿ ಎದುರಿಗೆ ಕುಳಿತು ಮಾತನಾಡುವ ಒಬ್ಬ ಮನುಷ್ಯನಿದ್ದನೆಂಬುದನ್ನು ಇಲ್ಲಿ ನೆನೆಸಿಕೊಳ್ಳಬೇಕು. ನಮ್ಮ ಅಭಿಪ್ರಾಯದಲ್ಲಿ ಮೊಬೈಲು ಪಾಠದ ದಾರವನ್ನು ಕಡಿಯದಂತೆ ಹಿಡಿದಿಡಬಲ್ಲುದು. ಅದರಲ್ಲಿ ಹೂ ಪೋಣಿಸಲು ಯಾರಾದರೊಬ್ಬರು ಬೇಕು. ಸಂದೇಶದ ಕೊನೆಯಲ್ಲಿ ನಿಜವಾದ ಒಬ್ಬ ದಾದಿಯೋ ಆಪ್ತಸಲಹೆಗಾರರೋ ಮಾತಿಗೆ ಸಿಕ್ಕುವಂತಿದ್ದರೆ ಆ ಸಂದೇಶಕ್ಕೆ ಬೆಲೆ.

ಅಪಾಯಗಳೂ ಇಲ್ಲದಿಲ್ಲ. ಪಾಠವು ಬರುವ ಬಾಗಿಲಿನಿಂದಲೇ ವಂಚಕನೂ ಬರುವನು. ನೆಲೆಯಿಲ್ಲದ ಮಕ್ಕಳನ್ನು ಹುಡುಕಿಕೊಂಡೇ ಬರುವನು. ಮೊಬೈಲಿನ ಮುಖದ ಮೇಲೆ ಮೂಡಿದ ಸಂದೇಶವನ್ನು ಅದೇ ಕೋಣೆಯ ಇನ್ನೊಬ್ಬರು ಓದಿಬಿಟ್ಟರೆ ಮಗುವಿನ ಗುಟ್ಟು ಬಯಲಾಗುವುದು. ಎಲ್ಲಕ್ಕಿಂತ ಸಾಮಾನ್ಯವಾದ ಅಪಾಯವು ಬೇರೊಂದು: ಶಿಕ್ಷೆಯೆಂದು ಮೊಬೈಲನ್ನು ಕಿತ್ತುಕೊಳ್ಳುವುದು. ಸ್ವಂತ ಮಗನ ಮೊಬೈಲನ್ನು ಎರಡು ದಿನ ಕಪಾಟಿನಲ್ಲಿಟ್ಟರೆ ಅವನಿಗೆ ಆಟ ತಪ್ಪುವುದು, ಅಷ್ಟೆ. ಪೋಷಕ ಮಗುವಿಗಾದರೋ ತಮ್ಮನ ಧ್ವನಿಯೂ, ಆಪ್ತಸಲಹೆಗಾರರೂ, ಕಷ್ಟ ಬಂದರೆ ಕರೆಯಬೇಕಾದ ನಂಬರೂ ಒಟ್ಟಿಗೇ ತಪ್ಪುವುವು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಮಕ್ಕಳಿಗೆ ಗುಟ್ಟಾಗಿ ದೂರವಾಣಿಯಲ್ಲಿ ಮಾತನಾಡುವುದನ್ನು ಕಾನೂನಿನ ಹಕ್ಕುಗಳ ಪಟ್ಟಿಯಲ್ಲಿಯೇ ಸೇರಿಸಿರುವುದಕ್ಕೆ ಇದೇ ಕಾರಣ.

ಒಪ್ಪಿಗೆಯನ್ನು ಯಾರು ಕೊಡಬೇಕೆಂಬುದೂ ಒಂದು ಜಟಿಲ ಪ್ರಶ್ನೆಯಾಗಿತ್ತು. ಹೆತ್ತವರ ಹಕ್ಕು ಪೂರ್ತಿ ಹೋಗಿರುವುದಿಲ್ಲ, ಅಧಿಕಾರವು ಸರ್ಕಾರದ್ದು, ನಿತ್ಯದ ಆರೈಕೆ ಪೋಷಕರದು. ಶಾಲೆಯ ಪ್ರವಾಸಕ್ಕೆ ಸಹಿ ಹಾಕುವುದಕ್ಕೂ ಕಚೇರಿಯನ್ನು ಕೇಳಬೇಕಾದ ಸ್ಥಿತಿಯಿತ್ತು. ೨೦೧೪ರಲ್ಲಿ ಅಮೆರಿಕದ ಕೇಂದ್ರ ಶಾಸನಸಭೆಯು, ವಿವೇಕಿಯಾದ ತಂದೆತಾಯಿಗಳು ತಮ್ಮ ಮಗುವಿನ ವಿಷಯದಲ್ಲಿ ಮಾಡುವಂಥ ದಿನಬಳಕೆಯ ನಿರ್ಧಾರಗಳನ್ನು ಪೋಷಕರೇ ಮಾಡಬಹುದೆಂಬ ಕಾನೂನನ್ನು ಮಾಡಿದ ಮೇಲೆ ಈ ತೊಡಕು ಸ್ವಲ್ಪ ಸಡಿಲವಾಯಿತು.

ನಮ್ಮ ದೇಶದಲ್ಲಿ ೨೦೧೫ರ ಬಾಲನ್ಯಾಯ ಕಾನೂನು ಪೋಷಕತ್ವಕ್ಕೆ ಅವಕಾಶ ಮಾಡಿಕೊಟ್ಟಿದೆ. ೨೦೨೪ರಲ್ಲಿ ಪರಿಷ್ಕೃತವಾದ ಮಾರ್ಗಸೂಚಿಗಳ ಪ್ರಕಾರ ಅವಿವಾಹಿತರೂ ವಿಧವೆಯರೂ ವಿಚ್ಛೇದಿತರೂ ಪೋಷಕರಾಗಬಹುದು. ಎರಡು ವರ್ಷ ಸಾಕಿದ ಮೇಲೆ ದತ್ತು ಕೇಳಬಹುದು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವೊಂದಕ್ಕೆ ತಿಂಗಳಿಗೆ ೪,೦೦೦ ರೂಪಾಯಿಗಳ ನೆರವನ್ನು ಗೊತ್ತುಮಾಡಿದ್ದಾರೆ. ಹದಿನೆಂಟು ತುಂಬಿ ಹೊರಬರುವವರಿಗೆ ೨೧ರವರೆಗೆ, ವಿಶೇಷ ಸಂದರ್ಭದಲ್ಲಿ ೨೩ರವರೆಗೆ, ಅನುಪಾಲನೆಯುಂಟು. ಆದರೆ ನಮ್ಮಲ್ಲಿ ತಬ್ಬಲಿಯಾದ ಮಕ್ಕಳು ಕಚೇರಿಯ ಬಾಗಿಲನ್ನೇ ನೋಡದೆ ಅಜ್ಜಿಯ, ಸೋದರತ್ತೆಯ, ದೊಡ್ಡಪ್ಪನ ಮನೆಗಳಲ್ಲಿ ಬೆಳೆಯುವುದೇ ವಾಡಿಕೆ. ಅವರ ಹೆಸರು ಯಾವ ಕಡತದಲ್ಲಿಯೂ ಇರುವುದಿಲ್ಲ. ಆದಕಾರಣ ಅವರಿಗೆ ಪಾಠವಾಯಿತೆ ಎಂದು ಕೇಳುವ ಅಧಿಕಾರಿಯೂ ಇರುವುದಿಲ್ಲ. ಆ ಅಧಿಕಾರಿಯ ಸ್ಥಾನದಲ್ಲಿ ಇರುವವರು ಈ ಪತ್ರಿಕೆಯನ್ನು ಓದುತ್ತಿರುವ ತಾವುಗಳೇ ಆಗಿರಬಹುದು.

ಸಾಧನಗಳು ನಮ್ಮಲ್ಲಿಯೂ ಇವೆ. ಹತ್ತರಿಂದ ಹತ್ತೊಂಬತ್ತು ವರ್ಷದವರಿಗಾಗಿ ಕೇಂದ್ರ ಸರ್ಕಾರವು ೨೦೧೪ರಲ್ಲಿ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿತು. ೨೦೧೭ರಲ್ಲಿ ಅದರ ಅಂಗವಾಗಿ ಸಾಥಿಯಾ ಸಲಹ್ ಎಂಬ ಮೊಬೈಲು ಆ್ಯಪನ್ನೂ ಹೊರತಂದಿತು. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳುಂಟು. ಮಕ್ಕಳಿಗೆ ಆಪತ್ತಾದಾಗ ಕರೆಯತಕ್ಕ ನಂಬರು ೧೦೯೮. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿಯ ನಂಬರು ೧೪೪೧೬; ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ, ಕನ್ನಡದಲ್ಲಿಯೇ ಮಾತನಾಡಬಹುದು. ಆದರೆ ಮೊಬೈಲು ಯಾರ ಕೈಯಲ್ಲಿದೆ? ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲಿದೆಯೆಂದು ಹೇಳಿದ ಹೆಂಗಸರು ದೇಶದಲ್ಲಿ ನೂರಕ್ಕೆ ೫೪ ಮಂದಿ ಮಾತ್ರ. ಆಶ್ರಯಕ್ಕೆ ಬಂದ ಮನೆಯಲ್ಲಿ ಹದಿನೈದರ ಹುಡುಗಿಯ ಸರದಿ ಎಷ್ಟನೆಯದೆಂಬುದನ್ನು ವಾಚಕರೇ ಊಹಿಸಬಹುದು.

ಇಂಥ ಮಗುವನ್ನು ಮನೆಯಲ್ಲಿಟ್ಟುಕೊಂಡವರು ಮಾಡಬಹುದಾದ ಕೆಲಸಗಳು ದೊಡ್ಡವೇನೂ ಅಲ್ಲ. ಎಲ್ಲರನ್ನೂ ಕೂಡಿಸಿಕೊಂಡು ಉಪದೇಶ ಮಾಡಬೇಡಿರಿ. ಬಟ್ಟೆ ಮಡಿಸುವಾಗಲೋ ಅವರೆಕಾಯಿ ಬಿಡಿಸುವಾಗಲೋ, ಮುಖ ಮುಖ ನ

ೋಡಬೇಕಾಗಿಲ್ಲದ ಹೊತ್ತಿನಲ್ಲಿ, ಒಂದೊಂದೇ ಮಾತು ತೆಗೆಯಿರಿ. ನಿಮಗೆ ಹೇಳಲು ಸಂಕೋಚವಾದರೆ, ಈ ಆ್ಯಪಿನಲ್ಲಿ ಇದೆ, ಓದಿ ನೋಡು, ತಿಳಿಯದಿದ್ದರೆ ನನ್ನನ್ನು ಕೇಳು, ನನಗೂ ತಿಳಿಯದಿದ್ದರೆ ಸ್ನೇಹ ಕ್ಲಿನಿಕ್ಕಿಗೆ ಹೋಗಿ ಬರೋಣ ಎಂದು ಹೇಳಬಹುದಷ್ಟೆ. ರಾತ್ರಿ ಮೊಬೈಲನ್ನು ನಡುಮನೆಯಲ್ಲಿ ಚಾರ್ಜಿಗೆ ಹಾಕಬೇಕೆಂಬ ನಿಯಮವನ್ನು ಮಾಡುವುದಾದರೆ ಮನೆಯ ಯಜಮಾನರ ಮೊಬೈಲೂ ಅಲ್ಲಿಯೇ ಇರಲಿ. ಸಾಕಿದ ಮಗುವಿಗೆ ಒಂದು ಕಾಯಿದೆ, ಹೆತ್ತ ಮಗುವಿಗೆ ಇನ್ನೊಂದು ಎಂದಾಗಕೂಡದು. ಸಂದೇಶಗಳನ್ನು ಕದ್ದು ಓದಬೇಡಿರಿ. ಆದರೆ ಎಲ್ಲವನ್ನೂ ಗುಟ್ಟಾಗಿಡುವೆನೆಂದು ಮಾತನ್ನೂ ಕೊಡಬೇಡಿರಿ. ೨೦೧೨ರ ಪೋಕ್ಸೋ ಕಾನೂನಿನ ಪ್ರಕಾರ ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಅದನ್ನು ವರದಿ ಮಾಡಲೇಬೇಕು. ವೈದ್ಯರಿಗೂ ಸಲಹೆಗಾರರಿಗೂ ಈ ಬಾಧ್ಯತೆಯುಂಟು. ಇದನ್ನು ಮಗುವಿಗೆ ಮೊದಲೇ ತಿಳಿಸಿರುವುದು ಪ್ರಾಮಾಣಿಕತನ. ಆಮೇಲೆ ಮೋಸಹೋದೆನೆಂಬ ಭಾವನೆ ಅದಕ್ಕೆ ಬರಬಾರದು.

ಮಗುವು ಮನೆಯಿಂದ ಹೊರಡುವ ದಿನಕ್ಕೂ ಸಿದ್ಧತೆ ಬೇಕು. ಹಿಂದೆ ಹೇಳಿದ ೨೦೧೪ರ ಅಮೆರಿಕದ ಕಾನೂನು, ಹದಿನೆಂಟು ತುಂಬಿ ಹೊರಹೋಗುವವರ ಕೈಗೆ ಜನನಪತ್ರ, ಗುರುತಿನ ಚೀಟಿ, ವೈದ್ಯಕೀಯ ದಾಖಲೆಗಳನ್ನು ಕೊಟ್ಟೇ ಕಳುಹಿಸಬೇಕೆನ್ನುತ್ತದೆ. ನಮ್ಮಲ್ಲಿಯೂ ಹಾಕಿಸಿದ ಚುಚ್ಚುಮದ್ದುಗಳು, ರಕ್ತದ ಗುಂಪು, ಒಗ್ಗದ ಔಷಧಗಳು, ಹಿಂದೆ ಬಂದ ದೊಡ್ಡ ಕಾಯಿಲೆಗಳು, ಇವನ್ನು ಒಂದು ಪುಸ್ತಕದಲ್ಲಿ ಬರೆದು, ಅದರ ಚಿತ್ರವನ್ನು ಮಗುವಿನ ಮೊಬೈಲಿನಲ್ಲಿಯೂ ತೆಗೆದಿಟ್ಟರೆ ಸಾಕು. ಹೆತ್ತ ತಾಯಿಗೆ ಬಾಯಲ್ಲಿರುವ ಈ ವಿವರಗಳು ಪರರ ಮನೆಯಲ್ಲಿ ಬೆಳೆದವರಿಗೆ ಮುಂದೆ ಯಾರನ್ನು ಕೇಳಿದರೂ ಸಿಕ್ಕುವುದಿಲ್ಲ.

ಮೊಬೈಲಿನ ನಂಬರಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ನಮ್ಮ ದೇಶದಲ್ಲಿ ಹದಿನೆಂಟು ತುಂಬದವರ ಹೆಸರಿಗೆ ಸಿಮ್ ಕೊಡುವುದಿಲ್ಲ. ಆದುದರಿಂದ ಮಗುವಿನ ಕೈಯಲ್ಲಿರುವ ನಂಬರು ಚಿಕ್ಕಪ್ಪನ ಹೆಸರಿನಲ್ಲಿಯೋ ಅತ್ತೆಯ ಹೆಸರಿನಲ್ಲಿಯೋ ಇರುವುದು. ಹುಡುಗಿಯು ಹಾಸ್ಟೆಲಿಗೋ ಕೆಲಸಕ್ಕೋ ಹೊರಟಾಗ ಆ ಸಿಮ್ಮನ್ನು ತೆಗೆದಿಟ್ಟುಕೊಂಡರೆ, ಬ್ಯಾಂಕಿನ ಖಾತೆಗೂ ಆಧಾರಿಗೂ ಆಸ್ಪತ್ರೆಯ ದಾಖಲೆಗೂ ಜೋಡಿಸಿದ್ದ ನಂಬರು ಹೋಯಿತು. ಆಪ್ತಸಲಹೆಗಾರರು ಮತ್ತೆ ಕರೆದರೆ ಅವಳು ಸಿಕ್ಕುವುದಿಲ್ಲ. ಅವಳ ತಮ್ಮನಿಗೆ ಬಾಯಿಪಾಠವಿದ್ದುದು ಆ ನಂಬರೊಂದೇ ಆಗಿದ್ದರೂ ಆಗಿರಬಹುದು. ಹದಿನೆಂಟು ತುಂಬಿದ ಮೇಲೆ, ನಂಬರು ಯಾರ ಹೆಸರಿನಲ್ಲಿದೆಯೋ ಅವರು ಹುಡುಗಿಯೊಡನೆ ಆ ಕಂಪನಿಯ ಅಂಗಡಿಗೆ ಹೋಗಿ, ಇಬ್ಬರ ಗುರುತಿನ ಪತ್ರಗಳನ್ನು ಕೊಟ್ಟು, ಅದನ್ನು ಅವಳ ಹೆಸರಿಗೆ ವರ್ಗ ಮಾಡಿಸಬಹುದು. ಹಾಗೆ ಮಾಡಿಸಿಕೊಟ್ಟರೆ ಅವಳು ಯಾವ ಊರಿನಲ್ಲಿದ್ದರೂ ಹಳೆಯ ನಂಬರಿನಲ್ಲಿಯೇ ಸಿಕ್ಕುವಳು.